ಗಾಳದ ಕೋಲಿಗೆ ಹಾವಿನ ಚರ್ಮದ ವಿನ್ಯಾಸದ ಹಿಡಿ
ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯಲು ಬಳಸುವ ನನ್ನ ಗಾಳದ ಕೋಲಿನ ಹಿಡಿಗೆ, ಬೀದರ್‌ನ ಹಳೆಯ ಊರಿನ ಒಂದು ಚಿಕ್ಕ ಅಂಗಡಿಯಲ್ಲಿ ಹಾವಿನ ಚರ್ಮದ ವಿನ್ಯಾಸದ ಹೊದಿಕೆ ಹಾಕಿಸಿದೆ. ವಿದೇಶಗಳಲ್ಲಿ ಹವ್ಯಾಸಿಗಳು ನಿಜವಾದ ಚರ್ಮವನ್ನೇ ಅಂಟಿಸುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೆಬ್ಬಾವು, ನಾಗರಹಾವುಗಳ ಚರ್ಮದ ವ್ಯಾಪಾರ ಅಪರಾಧ. ಆದ್ದರಿಂದ ಇಲ್ಲಿ ಬಳಸುವುದು ಹುರುಪೆಯ ಅಚ್ಚೊತ್ತಿದ ರೆಕ್ಸಿನ್.

ಕೆಲಸದ ನಾಜೂಕು ಜೋಡಣೆಯಲ್ಲಿದೆ. ಹಿಡಿಯ ದಪ್ಪ ಎಲ್ಲ ಕಡೆಯೂ ಒಂದೇ ಇರದ ಕಾರಣ, ಮೊದಲು ಕಾಗದ ಸುತ್ತಿ ಅಳತೆ ತೆಗೆದು, ಅದರಂತೆ ರೆಕ್ಸಿನ್ ಕತ್ತರಿಸಿ, ಅಂಚುಗಳನ್ನು ಬ್ಲೇಡಿನಿಂದ ತೆಳುಮಾಡಿ, ಸೇರುವ ಗೆರೆ ಕೆಳಮೈಗೆ ಬರುವಂತೆ ಅಂಟಿಸಿದ್ದಾರೆ; ಗೆರೆಯನ್ನು ಉಗುರಿನಿಂದ ಸವರಿದರೂ ತಡೆಯುವುದಿಲ್ಲ. ಮೇಲೆ ಬಳಿದ ಎಪಾಕ್ಸಿ ಎಂಬ ಪಾರದರ್ಶಕ ಅಂಟಿನ ಲೇಪ ಗಟ್ಟಿಯಾಗುವವರೆಗೆ ಕೋಲನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಅದು ಒಂದೇ ಕಡೆ ಇಳಿದು ಗಡ್ಡೆಗಟ್ಟುತ್ತದೆ. ಇದಕ್ಕಾಗಿ ಅಂಗಡಿಯವರು ಹಳೆಯ ಕೂಲರಿನಲ್ಲಿ ಗಾಳಿಯ ದಿಕ್ಕು ಬದಲಿಸುವ ಪಟ್ಟಿಗಳನ್ನು ನಿಧಾನವಾಗಿ ಆಡಿಸುವ ಸಣ್ಣ ಮೋಟಾರನ್ನು ಹೂಡಿರುವುದು ನಿಜಕ್ಕೂ ಮೆಚ್ಚತಕ್ಕದ್ದು.

ಆದರೆ ಲೇಪದ ಹೊಳಪು ಅತಿಯಾಗಿರುವುದರಿಂದ ಒದ್ದೆ ಕೈಗೆ ಹಿಡಿ ಜಾರುತ್ತದೆ. ಅಂಗೈ ಕೂರುವ ಜಾಗದಲ್ಲಿ ಹಿಡಿಯ ಮೂಲ ಕಾರ್ಕನ್ನೇ ಉಳಿಸಿಕೊಂಡು, ದಾರ ಸುತ್ತುವ ರೀಲಿನ ಮುಂಭಾಗಕ್ಕೆ ಮಾತ್ರ ಹೊದಿಕೆ ಹಾಕಿಸುವುದು ಲೇಸು.