ತಾನಾಗಿ ಆಫ್ ಆಗುವ ಕಂಪ್ಯೂಟರ್ ಮತ್ತು ಎಸ್‌ಎಂಪಿಎಸ್ ಟೆಸ್ಟರ್: ಒಂದು ವಿಮರ್ಶೆ

ಕೆಲಸದ ನಡುವೆ ಡೆಸ್ಕ್‌ಟಾಪ್ ಕಂಪ್ಯೂಟರ್ ಯಾವ ಸೂಚನೆಯೂ ಇಲ್ಲದೆ ಆಫ್ ಆಗತೊಡಗಿದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಬದಲಿಸಿ ಕೊಡುವ ಪೆಟ್ಟಿಗೆಯ ಮೇಲೆ, ಬೀಳುವುದು ಸಹಜ. ಆ ಅನುಮಾನವನ್ನು ಬಗೆಹರಿಸಿಕೊಳ್ಳಲು ಅನೇಕರು ಕೊಳ್ಳುವುದು ಅಂಗೈಯಗಲದ, ಎಲ್‌ಸಿಡಿ ಪರದೆಯಿರುವ ಎಸ್‌ಎಂಪಿಎಸ್ ಟೆಸ್ಟರನ್ನು. ಇದು ಹಲವು ಹೆಸರುಗಳಲ್ಲಿ ಮಾರಾಟವಾಗುತ್ತದೆಯಾದರೂ ಕೆಲಸ ಮಾಡುವ ರೀತಿ ಬಹುಮಟ್ಟಿಗೆ ಒಂದೇ. ನಾನು ಬಳಸುತ್ತಿರುವುದೂ ಅಂಥದೊಂದು ಸಾಮಾನ್ಯ ಮಾದರಿ. ಉಪಕರಣ ಪ್ರಯೋಜನಕಾರಿಯೇ. ಆದರೆ ಅದು ಸತ್ತ ಎಸ್‌ಎಂಪಿಎಸ್ಸನ್ನು ಗುರುತಿಸುವಷ್ಟು ಚೆನ್ನಾಗಿ ದಣಿದ ಎಸ್‌ಎಂಪಿಎಸ್ಸನ್ನು ಗುರುತಿಸಲಾರದು, ಮತ್ತು ಆಗಾಗ ಆಫ್ ಆಗುವ ಕಂಪ್ಯೂಟರಿನಲ್ಲಿ ಇರುವುದು ಹೆಚ್ಚಾಗಿ ಎರಡನೆಯ ಬಗೆಯದು.

ಬಳಕೆ ಸರಳವಾಗಿದೆ. ಕಂಪ್ಯೂಟರಿನ ಭಾಗಗಳಿಂದ ಎಲ್ಲ ಕೇಬಲ್‌ಗಳನ್ನೂ ಬಿಡಿಸಿ, 24 ಪಿನ್ನಿನ ಮುಖ್ಯ ಕನೆಕ್ಟರನ್ನು ಟೆಸ್ಟರಿಗೆ ಸಿಕ್ಕಿಸಿ ಕರೆಂಟ್ ಕೊಟ್ಟರೆ, ಮದರ್‌ಬೋರ್ಡ್ ಮಾಡಬೇಕಾದ ಕೆಲಸವನ್ನು ಟೆಸ್ಟರೇ ಮಾಡಿ ಎಸ್‌ಎಂಪಿಎಸ್ಸನ್ನು ಚಾಲೂ ಮಾಡುತ್ತದೆ. ಪರದೆಯ ಮೇಲೆ 12, 5 ಮತ್ತು 3.3 ವೋಲ್ಟಿನ ಸಾಲುಗಳು (ಎಸ್‌ಎಂಪಿಎಸ್ ಹೊರಗೆ ಕೊಡುವ ಬೇರೆ ಬೇರೆ ವೋಲ್ಟೇಜುಗಳು), ಮೈನಸ್ 12 ವೋಲ್ಟ್, ಸ್ಟ್ಯಾಂಡ್‌ಬೈ 5 ವೋಲ್ಟ್ ಮತ್ತು ಪವರ್ ಗುಡ್ ಸಮಯ ಕಾಣಿಸುತ್ತವೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗೆ ಅನ್ವಯಿಸುವ ಎಟಿಎಕ್ಸ್ ಮಾನದಂಡದಂತೆ ಮುಖ್ಯ ಸಾಲುಗಳು ಸಾಮಾನ್ಯವಾಗಿ ಶೇಕಡಾ 5ರಷ್ಟು ಮಾತ್ರ ಆಚೀಚೆ ಹೋಗಬಹುದು. ಅಂದರೆ 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ, 5 ವೋಲ್ಟ್ ಸಾಲು 4.75ರಿಂದ 5.25ರೊಳಗೆ ಇರಬೇಕು. ಮಿತಿ ಮೀರಿದಾಗ ಟೆಸ್ಟರ್ ಬೀಪ್ ಮಾಡುತ್ತದೆ. ನನ್ನಲ್ಲಿರುವ ಮಾದರಿ ದಶಮಾಂಶದ ನಂತರ ಒಂದೇ ಅಂಕಿಯನ್ನು ತೋರಿಸುತ್ತದೆ. 12 ವೋಲ್ಟಿಗೆ ಅಷ್ಟು ಸಾಕು. 3.3 ವೋಲ್ಟ್ ಸಾಲಿಗಾದರೋ ಅನುಮತಿಸಿದ ಒಟ್ಟು ಅಂತರವೇ ವೋಲ್ಟಿನ ಮೂರನೇ ಒಂದು ಭಾಗದಷ್ಟಿರುವುದರಿಂದ, ಗಡಿಯಲ್ಲಿರುವ ಎಸ್‌ಎಂಪಿಎಸ್ ವಿಷಯದಲ್ಲಿ ಈ ಒಂದು ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಪವರ್ ಗುಡ್ ಸಮಯವನ್ನು ಅಳೆಯುವುದರಲ್ಲಿ ಈ ಉಪಕರಣ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುತ್ತದೆ. ವೋಲ್ಟೇಜುಗಳು ಸ್ಥಿರವಾದ ನಂತರ ಎಸ್‌ಎಂಪಿಎಸ್ ಸ್ವಲ್ಪ ಕಾದು, ಇನ್ನು ಕೆಲಸ ಆರಂಭಿಸಬಹುದೆಂದು ಮದರ್‌ಬೋರ್ಡಿಗೆ ಸಂಕೇತ ಕಳಿಸುತ್ತದೆ. ಬಹುಕಾಲದಿಂದ ರೂಢಿಯಲ್ಲಿರುವ ಮಿತಿ 100ರಿಂದ 500 ಮಿಲಿಸೆಕೆಂಡ್. ವೋಲ್ಟೇಜ್ ಅಳೆಯಲು ಬಳಸುವ ಸಾಮಾನ್ಯ ಮಲ್ಟಿಮೀಟರ್ ಇದನ್ನು ಅಳೆಯಲಾರದು. ಬಟನ್ ಒತ್ತಿದೊಡನೆ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವ, ಅಥವಾ ಆನ್ ಆಗುವ ಹಂತದಲ್ಲೇ ಪದೇ ಪದೇ ರೀಸ್ಟಾರ್ಟ್ ಆಗುವ ಯಂತ್ರದಲ್ಲಿ ಈ ಅಂಕಿ ಬಹಳ ಮುಖ್ಯ.

ಮಿತಿಯ ಮಾತಿಗೆ ಬಂದರೆ, ಟೆಸ್ಟರ್ ಎಸ್‌ಎಂಪಿಎಸ್ ಮೇಲೆ ಹೇರುವ ಹೊರೆ ತೀರ ಕಡಿಮೆ. ಒಳಗಿರುವ ಚಿಕ್ಕ ರೆಸಿಸ್ಟರುಗಳು ಕೆಲವೇ ವ್ಯಾಟ್ ಎಳೆಯುತ್ತವೆ. ಆಟ ಆಡುವಾಗಲೋ ವಿಡಿಯೊ ರೆಂಡರ್ ಮಾಡುವಾಗಲೋ ಅದೇ ಎಸ್‌ಎಂಪಿಎಸ್ ನೂರಾರು ವ್ಯಾಟ್ ಒದಗಿಸಬೇಕಾಗುತ್ತದೆ. ಮನೆಯೊಳಗೆ ನಾಲ್ಕು ಹೆಜ್ಜೆ ನಡೆದವನನ್ನು ನೋಡಿ ಅವನು ಮೂಟೆ ಹೊತ್ತು ಬೆಟ್ಟ ಹತ್ತಬಲ್ಲನೆಂದು ನಿರ್ಣಯಿಸಿದಂತೆಯೇ ಇದು. ವರ್ಷಗಟ್ಟಲೆ ಬಿಸಿಯಲ್ಲಿ ದುಡಿದ ಕೆಪಾಸಿಟರುಗಳ (ವಿದ್ಯುತ್ತನ್ನು ಹಿಡಿದಿಟ್ಟು ವೋಲ್ಟೇಜನ್ನು ಸಮವಾಗಿಡುವ ಭಾಗಗಳ) ಆಂತರಿಕ ಪ್ರತಿರೋಧ ಹೆಚ್ಚುತ್ತದೆ, ಸಾಮರ್ಥ್ಯ ಕುಗ್ಗುತ್ತದೆ. ಹೊರೆ ಇಲ್ಲದಾಗ ಇದಾವುದೂ ಹೊರಗೆ ಕಾಣುವುದಿಲ್ಲ. ಹೊರೆ ಏರಿದಾಗ ವೋಲ್ಟೇಜ್ ಕುಸಿಯುತ್ತದೆ, ಏರಿಳಿತ ಹೆಚ್ಚುತ್ತದೆ, ಒಳಗಿನ ರಕ್ಷಣಾ ವ್ಯವಸ್ಥೆ ಎಲ್ಲವನ್ನೂ ಒಮ್ಮೆಲೇ ಕಡಿದುಹಾಕುತ್ತದೆ. ಗ್ರಾಫಿಕ್ಸ್ ಕೆಲಸ ಶುರುವಾದೊಡನೆ ಆಫ್ ಆಗುತ್ತಿದ್ದ ಒಂದು ಯಂತ್ರದ ಎಸ್‌ಎಂಪಿಎಸ್ಸನ್ನು ಪರೀಕ್ಷಿಸಿದಾಗ ನನ್ನ ಟೆಸ್ಟರ್ ಎಲ್ಲ ಸಾಲುಗಳನ್ನೂ ಸರಿಯೆಂದೇ ತೋರಿಸಿತು. ಅದೇ ಎಸ್‌ಎಂಪಿಎಸ್ಸನ್ನು ಮತ್ತೆ ಯಂತ್ರಕ್ಕೆ ಜೋಡಿಸಿ, ಖಾಲಿ ಉಳಿದಿದ್ದ ಮೋಲೆಕ್ಸ್ ಎಂಬ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದು ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಕೊಟ್ಟಾಗ, 12 ವೋಲ್ಟ್ ಸಾಲು ಮಿತಿಯಿಂದ ಕೆಳಗಿಳಿಯುವುದು ಕಣ್ಣೆದುರೇ ಕಂಡಿತು. ಎಸ್‌ಎಂಪಿಎಸ್ ಬದಲಿಸಿದ ಮೇಲೆ ಯಂತ್ರ ಆಫ್ ಆಗುವುದು ನಿಂತಿತು.

ಮಲ್ಟಿಮೀಟರಿಗೂ ಸಿಗದ ಒಂದು ಕಾರಣವಿದೆ. ಈಚಿನ ಗ್ರಾಫಿಕ್ಸ್ ಕಾರ್ಡುಗಳು ಕ್ಷಣದ ಅತ್ಯಲ್ಪ ಭಾಗದಲ್ಲಿ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಮಾನದಂಡ ಇಂಥ ಕಾರ್ಡುಗಳಿಗಾಗಿ ತಯಾರಾಗುವ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡಿನಷ್ಟು ಕಾಲ ತಮ್ಮ ಸಾಮರ್ಥ್ಯದ ಎರಡರಷ್ಟನ್ನು ತಡೆದುಕೊಳ್ಳಬೇಕೆಂದು ಹೇಳಿತು. ಹಳೆಯ ವಿನ್ಯಾಸದ ಎಸ್‌ಎಂಪಿಎಸ್ ದೋಷರಹಿತವಾಗಿದ್ದರೂ ಇಂಥ ಸೆಳೆತಕ್ಕೆ ಆಫ್ ಆಗಬಹುದು, ಮತ್ತು ಟೆಸ್ಟರ್ ಅದನ್ನು ಸರಿಯಿದೆ ಎಂದೇ ಹೇಳುತ್ತದೆ.

ಹೀಗಾಗಿ ಟೆಸ್ಟರನ್ನು ಕೈಗೆತ್ತಿಕೊಳ್ಳುವ ಮುಂಚೆ ಯಂತ್ರ ಯಾವಾಗ ಆಫ್ ಆಗುತ್ತದೆ ಎಂಬುದನ್ನು ಗಮನಿಸುವುದೇ ಹೆಚ್ಚು ಫಲ ಕೊಡುತ್ತದೆ. ಪ್ರೊಸೆಸರಿನ ಉಷ್ಣತೆ 100 ಡಿಗ್ರಿಯ ಆಸುಪಾಸಿಗೆ ಏರಿದ ಮೇಲೆ ಆಫ್ ಆಗುತ್ತಿದ್ದರೆ ನೋಡಬೇಕಾದದ್ದು ಹೀಟ್‌ಸಿಂಕಿನ ಧೂಳು, ಒಣಗಿದ ಥರ್ಮಲ್ ಪೇಸ್ಟ್ ಮತ್ತು ಫ್ಯಾನ್. ವಿಂಡೋಸಿನ ಇವೆಂಟ್ ವ್ಯೂವರಿನಲ್ಲಿ ಕಾಣುವ ಕರ್ನಲ್-ಪವರ್ 41 ಎಂಬ ದಾಖಲೆ ಅನೇಕರನ್ನು ಎಸ್‌ಎಂಪಿಎಸ್ ಕಡೆಗೆ ತಿರುಗಿಸುತ್ತದೆ. ವಾಸ್ತವದಲ್ಲಿ ಅದು ಹೇಳುವುದು ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂದಷ್ಟೇ. ಕ್ಯಾಬಿನೆಟ್ಟಿನ ಪವರ್ ಬಟನ್ ಒಳಗೇ ಸಿಲುಕಿಕೊಂಡು ಯಂತ್ರ ಆಫ್ ಆಗುವುದೂ ಉಂಟು. ಇವನ್ನು ಯಾವ ಎಸ್‌ಎಂಪಿಎಸ್ ಟೆಸ್ಟರೂ ಕಾಣಲಾರದು.

ಬಳಸುವವರು ಎರಡು ಎಚ್ಚರಿಕೆಗಳನ್ನು ಪಾಲಿಸಲೇಬೇಕು. ಪರೀಕ್ಷೆಯಲ್ಲಿ ದೋಷ ಕಂಡಿತೆಂದು ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಬಾರದು. ಪ್ಲಗ್ ಕಿತ್ತ ನಂತರವೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣಾಪಾಯಕ್ಕೆ ಸಾಲುವಷ್ಟು ವೋಲ್ಟೇಜ್ ಉಳಿದಿರಬಹುದು. ಕೇಬಲ್‌ಗಳನ್ನು ಪೆಟ್ಟಿಗೆಯಿಂದ ಬಿಡಿಸಬಹುದಾದ ಮಾಡ್ಯುಲರ್ ಮಾದರಿಯಾದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಉಪಯೋಗಿಸಬೇಕು, ಏಕೆಂದರೆ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಎಲ್ಲ ತಯಾರಕರಲ್ಲೂ ಒಂದೇ ಆಗಿರುವುದಿಲ್ಲ ಮತ್ತು ತಪ್ಪು ಕೇಬಲ್ ಹಾರ್ಡ್‌ಡಿಸ್ಕನ್ನು ಕ್ಷಣಮಾತ್ರದಲ್ಲಿ ಸುಟ್ಟುಬಿಡಬಲ್ಲದು.

ದಿನವೂ ಹಲವು ಯಂತ್ರಗಳನ್ನು ರಿಪೇರಿ ಮಾಡುವವರಿಗೆ ಈ ಉಪಕರಣವನ್ನು ನಾನು ಖಂಡಿತ ಶಿಫಾರಸು ಮಾಡುತ್ತೇನೆ. ಪೂರ್ತಿ ಕೆಟ್ಟುಹೋದ ಎಸ್‌ಎಂಪಿಎಸ್ಸನ್ನು ಅರೆ ನಿಮಿಷದಲ್ಲಿ ಬದಿಗಿಡಲು ಇದಕ್ಕಿಂತ ಅನುಕೂಲವಾದದ್ದಿಲ್ಲ. ಮನೆಯ ಒಂದೇ ಕಂಪ್ಯೂಟರಿಗಾಗಿ ಕೊಳ್ಳುವವರು ಮಾತ್ರ ಮೊದಲು ಒಳ್ಳೆಯ ಮಲ್ಟಿಮೀಟರ್ ಕೊಳ್ಳಲಿ, ಸಾಧ್ಯವಾದರೆ ಸಾಕಷ್ಟು ಸಾಮರ್ಥ್ಯದ, ಸುಸ್ಥಿತಿಯಲ್ಲಿರುವ ಮತ್ತೊಂದು ಎಸ್‌ಎಂಪಿಎಸ್ಸನ್ನು ಪರಿಚಿತರಿಂದ ತಂದು ಅದರದೇ ಕೇಬಲ್‌ಗಳ ಸಮೇತ ಜೋಡಿಸಿ, ಯಂತ್ರವನ್ನು ಆಫ್ ಮಾಡಿಸುತ್ತಿದ್ದ ಅದೇ ಕೆಲಸವನ್ನು ಅದರ ಮೇಲೆ ನಡೆಸಿ ನೋಡಲಿ.