ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ: ವಯಸ್ಸಾದವರಿಗೆ ಹೇಗೆ?

ಮಂಡಿ ನೋವಿರುವವರನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗುವುದಿದ್ದರೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ ನೇರ ವಿಮಾನವನ್ನೇ ಹಿಡಿಯಿರಿ. ಮಗಳ ಬಾಣಂತನಕ್ಕೆಂದು 2024ರ ಬೇಸಿಗೆಯಲ್ಲಿ ನಾನು, ನಮ್ಮ ಯಜಮಾನರು ಏರ್ ಇಂಡಿಯಾದಲ್ಲಿ ಹೋಗಿ ಬಂದೆವು. ಅದಕ್ಕೂ ಮುಂಚೆ ಬೇರೆ ಕಂಪನಿಯ ವಿಮಾನದಲ್ಲಿ, ಮಧ್ಯೆ ಇಳಿದು ಹತ್ತಿ ಹೋಗಿದ್ದೆವು. ಎರಡನ್ನೂ ನೋಡಿದ ಮೇಲೆ ಹೇಳುತ್ತಿದ್ದೇನೆ.

ಈ ನೇರ ಹಾರಾಟ ಶುರುವಾದದ್ದು 2021ರ ಜನವರಿಯಲ್ಲಿ. ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ತಂಡ. ಪೇಪರಿನಲ್ಲಿ ಓದಿ ಎಷ್ಟು ಖುಷಿಯಾಗಿತ್ತು!

ಎರಡು ಊರಿನ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. ಗ್ಲೋಬಿನ ಮೇಲೆ ದಾರ ಎಳೆದು ನೋಡಿದರೆ ಅದು ಸೈಬೀರಿಯಾ ದಾಟಿ ಧ್ರುವದ ಕಡೆಗೆ ಹೋಗುತ್ತದೆ. ನಮ್ಮ ವಿಮಾನ ಹಾಗೆ ಹೋಗಲಿಲ್ಲ. ಬಂಗಾಳ ಕೊಲ್ಲಿ ದಾಟಿ, ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ಸಾಗರದ ಮೇಲೆ ಹೋಯಿತು. ಆ ದಾರಿ ಉದ್ದ, ಆದರೆ ಬೇಗ ತಲುಪಿಸುತ್ತದೆ. ಯಾಕೆಂದರೆ ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತಿರುತ್ತದೆ. ದೂರವನ್ನು ಗಂಟೆಗೆ 900 ಕಿ.ಮೀ.ಯಿಂದ ಭಾಗಿಸಿ ‘ಹದಿನೈದೂವರೆ ಗಂಟೆ’ ಎಂದು ನೆಟ್‌ನಲ್ಲಿ ತೋರಿಸುತ್ತಾರಲ್ಲ, ಅದನ್ನು ನಂಬಿಕೊಂಡು ಕೂರಬೇಡಿ. ನಮಗೆ ಹೋಗುವಾಗ 16 ಗಂಟೆ ಹತ್ತಿರ ಹಿಡಿಯಿತು. ಬರುವಾಗ 17 ದಾಟಿತು.

ತಾರೀಖಿನ ವಿಷಯದಲ್ಲಿ ಜೋಪಾನ. ಮಧ್ಯಾಹ್ನ ಹೊರಟವರು ಅದೇ ದಿನ ಸಂಜೆ ಅಲ್ಲಿ ಇಳಿದೆವು. ಬರುವಾಗ ಉಲ್ಟಾ. ಭಾನುವಾರ ರಾತ್ರಿ ಹತ್ತಿದರೆ ದೇವನಹಳ್ಳಿ ಸೇರುವುದು ಮಂಗಳವಾರ ಬೆಳಗಿನ ಜಾವ. ಕರೆಯಲು ಬರುವವರಿಗೆ ಇದನ್ನು ಬಿಡಿಸಿ ಹೇಳಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಯಾವ ಹೊತ್ತಿಗೆ ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ಗಡಿಯಾರಕ್ಕೂ ಅಲ್ಲಿಯದಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹದಿಮೂರೂವರೆ.

ಅಷ್ಟು ಹೊತ್ತು ಒಂದೇ ಕಡೆ ಕೂರುವುದು ಸುಲಭ ಅಲ್ಲ. ಹತ್ತು ಗಂಟೆ ಕಳೆದ ಮೇಲೆ ಸೊಂಟ ಹಿಡಿಯುತ್ತದೆ, ಕಾಲು ಊದುತ್ತದೆ. ಓಡಾಡುವ ಜಾಗದ ಪಕ್ಕದ ಸೀಟನ್ನೇ ಕೇಳಿ ಪಡೆಯಿರಿ, ಆಗಾಗ ಎದ್ದು ನಡೆಯಿರಿ. ಆದರೂ ಹಿಂದಿನ ಸಲದ ಪಾಡು ನೆನೆಸಿಕೊಂಡರೆ ಇದು ಎಷ್ಟೋ ವಾಸಿ. ಆಗ ಗೊತ್ತಿಲ್ಲದ ಊರಿನಲ್ಲಿ ನಡುರಾತ್ರಿ ಇಳಿದು, ಮತ್ತೆ ಸೆಕ್ಯುರಿಟಿ ಸಾಲಿನಲ್ಲಿ ನಿಂತು, ಗೇಟ್ ಹುಡುಕಿಕೊಂಡು ನಡೆದೂ ನಡೆದೂ ಯಜಮಾನರು ಅಲ್ಲೇ ಕುಸಿದು ಕೂತಿದ್ದರು. ಟಿಕೆಟ್‌ನಲ್ಲಿ ಉಳಿದ ದುಡ್ಡಿಗಾಗಿ ಅವರನ್ನು ಮತ್ತೆ ಹಾಗೆ ನಡೆಸಲು ನನಗೆ ಮನಸ್ಸಿಲ್ಲ.

ಮಂಡಿ ಗಟ್ಟಿಯಿರುವ ಹುಡುಗರು ಬೇಕಾದರೆ ದುಡ್ಡು ಉಳಿಸಲಿ, ಅವರಿಗೆ ಮಧ್ಯೆ ಇಳಿದರೆ ಕಾಲಾಡಿಸಿದ ಹಾಗೂ ಆಗುತ್ತದೆ. ಅಪ್ಪ ಅಮ್ಮನನ್ನು ಕಳಿಸುವವರು ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿಬಿಡಿ. ನಾವು ಹೋದಾಗ ಈ ವಿಮಾನ ದಿನಾ ಇರಲಿಲ್ಲ, ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ. ಈಗ ನೇರ ವಿಮಾನ ಇದೆಯೇ, ಯಾವ ದಿನ ಎಂದು ಮೊದಲು ನೋಡಿಕೊಂಡು, ಆಮೇಲೆ ಮಕ್ಕಳ ಹತ್ತಿರ ತಾರೀಖು ಗೊತ್ತು ಮಾಡಿ.