ದೊಡ್ಡ ಕಂಪನಿಯೋ, ಊರಿನ ಗಾರ್ಮೆಂಟ್ಸೋ: ವೇತನ ವಿಭಾಗದಿಂದ ಕಂಡಂತೆ

ದಾವಣಗೆರೆಯಲ್ಲಿ ಎರಡೂ ಕಡೆ ವೇತನ ವಿಭಾಗದಲ್ಲಿ ದುಡಿದ ಮೇಲೆ ನನ್ನ ಒಲವು ಊರಿನವರೇ ನಡೆಸುವ ಗಾರ್ಮೆಂಟ್ಸ್ ಕಡೆಗೆ. ಹಲವು ರಾಜ್ಯಗಳಲ್ಲಿ ಘಟಕಗಳಿರುವ ದೊಡ್ಡ ಕಂಪನಿಯನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಇಲ್ಲಿಗೆ ಬಂದಾಗ ಅತ್ತೆಯವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಬುದ್ಧಿ ಹೇಳಿದರು. ದಿನವಿಡೀ ಸಂಬಳದ ಲೆಕ್ಕ ಹಾಕುವವಳಿಗೇ ಲೆಕ್ಕದ ಪಾಠ!

ದೊಡ್ಡ ಕಂಪನಿಯ ಬಾಗಿಲಲ್ಲೇ ಮೌಲ್ಯಗಳ ಫಲಕವಿದೆ. ಉದ್ಯೋಗಿಯ ಕುಟುಂಬವೂ ತಮ್ಮ ಕುಟುಂಬವೇ ಎಂಬ ಸಾಲು ಅದರಲ್ಲಿ ಎದ್ದು ಕಾಣುತ್ತದೆ. ಊರಿನ ಗಾರ್ಮೆಂಟ್ಸ್‌ನಲ್ಲಿ ಫಲಕವಿಲ್ಲ. ಮಾಲೀಕರ ತಂದೆಯವರ ಫೋಟೊ, ಅದಕ್ಕೊಂದು ಹಾರ, ಅಷ್ಟೆ.

ನನ್ನನ್ನು ಕಾಡಿದ್ದು ಶಿಶುಪಾಲನಾ ಕೊಠಡಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ ಇಂಥ ಕೊಠಡಿಯನ್ನೂ ಕಡ್ಡಾಯ ಮಾಡಿತು. ದೊಡ್ಡ ಕಂಪನಿ ರಜೆಯನ್ನು ತಕರಾರಿಲ್ಲದೆ ಕೊಟ್ಟಿತು. ಕೊಠಡಿಯೂ ಚೆಂದವೇ: ಗೋಡೆಯ ಮೇಲೆ ಚಿಟ್ಟೆಗಳು, ಜಾರುಬಂಡಿ, ಕ್ಯಾಮೆರಾ. ಆದರೆ ಗೇಟಿನಲ್ಲಿ ನಮ್ಮ ಹಾಜರಿ ಎಂಟೂವರೆಗೆ, ಕೊಠಡಿಯ ಬೀಗ ತೆಗೆಯುವುದು ಒಂಬತ್ತೂವರೆಗೆ. ಆಯಾಗಳನ್ನು ಕಳಿಸುವ ಏಜೆನ್ಸಿಯ ಜೊತೆ ಕರಾರು ಆಗಿದ್ದು ಮುಖ್ಯ ಕಚೇರಿಯಲ್ಲಿ, ಅಲ್ಲಿನ ವೇಳೆಗೆ ತಕ್ಕಂತೆ.

ನಡುವಿನ ಒಂದು ಗಂಟೆ ಮಗುವನ್ನು ಏನು ಮಾಡುವುದು? ಕೆಲವು ದಿನ ಕಾವಲುಗಾರರ ಕೊಠಡಿಯಲ್ಲಿ ಕೂರಿಸಿದೆ. ಅವರಿಗೇ ಮೆಮೊ ಬಂತು. ಎಚ್‌.ಆರ್‌. ವಿಭಾಗದವರು ಮೇಲ್ ಹಾಕಿ ಎಂದರು. ಹಾಕಿದೆ. ನಿಮ್ಮ ಸಲಹೆಯನ್ನು ಗೌರವಿಸುತ್ತೇವೆ ಎಂಬ ಉತ್ತರ ಬಂತು, ಆಯಾ ಮಾತ್ರ ಒಂಬತ್ತೂವರೆಗೇ ಬಂದರು. ಕೊನೆಗೆ ನೆರೆಮನೆಯ ಹುಡುಗಿಗೆ ತಿಂಗಳಿಗೆ 2,000 ರೂಪಾಯಿ ಕೊಟ್ಟು, ಆ ಹೊತ್ತಿಗೆ ಆಟೊದಲ್ಲಿ ಮಗುವನ್ನು ತರಿಸಿಕೊಳ್ಳಲು ಶುರು ಮಾಡಿದೆ.

ದಿನಕ್ಕೆ ನಾಲ್ಕು ಬಾರಿ ತಾಯಿ ಹೋಗಿ ಮಗುವನ್ನು ನೋಡಬಹುದು ಎಂದು ಅದೇ ಕಾಯ್ದೆ ಹೇಳುತ್ತಿತ್ತು. ಹೋಗಬಹುದಿತ್ತು, ಆದರೆ ಪ್ರತಿ ಬಾರಿ ಕಾರ್ಡ್ ಉಜ್ಜಬೇಕು. ಆ ನಿಮಿಷಗಳೆಲ್ಲ ‘ಆಸನದಲ್ಲಿ ಇಲ್ಲದ ಸಮಯ’ವಾಗಿ ತಿಂಗಳ ವರದಿಯಲ್ಲಿ ಕೂತಿರುತ್ತಿದ್ದವು. ವರದಿ ಬರುತ್ತಿದ್ದುದು ನನ್ನದೇ ಮೇಜಿಗೆ.

ಅದೇ ದಿನಗಳಲ್ಲಿ ಕಂಪನಿ ಹತ್ತಿರದ ಹಳ್ಳಿಯ ಶಾಲೆಗೆ ಬಣ್ಣ ಬಳಿಸಿತು. ಟೀ ಶರ್ಟ್ ತೊಟ್ಟು ನಾವೂ ಹೋದೆವು, ಫೋಟೊ ಆಯಿತು. ಇಷ್ಟು ಹಣವಿರುವ ಕಡೆ ಒಬ್ಬ ಆಯಾಗೆ ಒಂದು ಗಂಟೆ ಹೆಚ್ಚಿನ ಸಂಬಳ ಸಿಗದೇ ಎಂದರೆ, ಸಿ.ಎಸ್‌.ಆರ್‌. (ಕಂಪನಿಯ ಸಾಮಾಜಿಕ ಹೊಣೆ) ಹಣವನ್ನು ನಮ್ಮವರಿಗೇ ಬಳಸುವಂತಿಲ್ಲ ಎಂದರು. ಮಾತು ಸುಳ್ಳಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಸ್ವಂತ ಉದ್ಯೋಗಿಗಳ ಅನುಕೂಲಕ್ಕೆ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆಯಾ ಅವರ ಸಂಬಳವನ್ನು ಆ ಲೆಕ್ಕದಲ್ಲೇ ತೋರಿಸಬೇಕೆಂದು ಯಾರೂ ಕೇಳಿರಲಿಲ್ಲ.

ಊರಿನ ಗಾರ್ಮೆಂಟ್ಸ್‌ನಲ್ಲಿ ಕೊಠಡಿ ಎಂದರೆ ಸ್ಟೋರ್ ಹಿಂದಿನ ಹಾಲ್. ಬಣ್ಣ ಸುಲಿದಿದೆ, ಸೀರೆಯ ಜೋಲಿಗಳು, ಏಪ್ರಿಲ್‌ನಲ್ಲಿ ಫ್ಯಾನ್ ಸಾಲದು. ಕೀಲಿ ಆಯಾ ಕೈಯಲ್ಲೇ ಇರುತ್ತದೆ. ಟೈಲರ್‌ಗಳು ಬರುವ ಮೊದಲೇ ಅವರು ಕಸ ಗುಡಿಸಿ ಕೂತಿರುತ್ತಾರೆ. ನನಗೆ ಬೇಕಿದ್ದುದು ಇಷ್ಟೇ.

ಊಟ ದೊಡ್ಡ ಕಂಪನಿಯದೇ ಮೇಲು. ಲೈಂಗಿಕ ಕಿರುಕುಳದ ದೂರು ಸಮಿತಿಯೂ ಅಲ್ಲಿ ನಿಜವಾಗಿ ಸಭೆ ಸೇರುತ್ತಿತ್ತು. ಇಲ್ಲಿ ಹೆಸರುಗಳ ಪಟ್ಟಿ ಅಂಟಿಸಿ ಸುಮ್ಮನಾಗಿದ್ದಾರೆ, ಅದು ನನಗೆ ಹಿಡಿಸಿಲ್ಲ. ಮಾಲೀಕರು ಕೂಗಾಡುತ್ತಾರೆ, ಸಂಜೆಗೆ ಮರೆಯುತ್ತಾರೆ.

ಇನ್ನು ಹಣ. ಅಲ್ಲಿ 22,500, ಇಲ್ಲಿ 19,500. ಇ.ಎಸ್‌.ಐ. (ಉದ್ಯೋಗಿಗಳ ಸರ್ಕಾರಿ ಆರೋಗ್ಯ ವಿಮೆ) ಸಂಬಳದ ಮಿತಿ 21,000 ಆದ್ದರಿಂದ ಅಲ್ಲಿ ನನಗೆ ಅದು ಇರಲಿಲ್ಲ. ಗುಂಪು ವಿಮೆ ಇತ್ತು, ಅದರಲ್ಲಿ ನನ್ನ ತಾಯಿ ಸೇರಿರಲಿಲ್ಲ. ಇಲ್ಲಿ ಇ.ಎಸ್‌.ಐ.ಗೆ ಸಂಬಳದ ಶೇ 0.75ರಂತೆ ನೂರೈವತ್ತರೊಳಗೆ ಕಡಿತವಾಗುತ್ತದೆ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗಳು ನಿಟ್ಟುವಳ್ಳಿಯ ಇ.ಎಸ್‌.ಐ. ಆಸ್ಪತ್ರೆಯಲ್ಲೇ ಸಿಗುತ್ತವೆ. ಆ ಮಾತ್ರೆಗಳಿಗೆ ಮೊದಲು ಸಾವಿರ ರೂಪಾಯಿ ಹೋಗುತ್ತಿತ್ತು. ಅದಕ್ಕೆ ನೆರೆಮನೆಯ ಹುಡುಗಿಯ 2,000 ಸೇರಿಸಿದರೆ ಸಂಬಳದ ವ್ಯತ್ಯಾಸ ಅಲ್ಲಿಗೇ ತೀರಿತು. ಪಿ.ಎಫ್‌. (ಭವಿಷ್ಯ ನಿಧಿ) ಕಂತು ಅಲ್ಲಿ ಸಂಬಳದ 15,000ದ ಮಿತಿಗೆ ಮಾತ್ರ, ಅಂದರೆ ತಿಂಗಳಿಗೆ 1,800. ಇಲ್ಲಿ ಪೂರ್ತಿ ಮೂಲ ವೇತನದ ಮೇಲೆ.

ಮಕ್ಕಳು ದೊಡ್ಡವರಾಗಿದ್ದು, ಬಡ್ತಿ ಬೇಕೆನ್ನುವವರು ದೊಡ್ಡ ಕಂಪನಿಗೇ ಹೋಗಲಿ. ಇಲ್ಲಿ ವೇತನ ವಿಭಾಗದಲ್ಲಿ ನನ್ನ ಮೇಲಿರುವುದು ಒಂದೇ ಕುರ್ಚಿ, ಅದರಲ್ಲಿ ಮಾಲೀಕರ ಅಳಿಯ ಕೂತಿದ್ದಾರೆ.